ಒಲೆಗೆ ಹೋಗುವ ಮರದ ಎರಡನೆಯ ಆಯುಷ್ಯ

ಕಡೂರಿನ ಗುಜರಿ ಅಂಗಡಿಯೊಂದರಲ್ಲಿ ಎಲ್ಲಕ್ಕೂ ಒಂದು ಬೆಲೆಯಿತ್ತು. ತುಕ್ಕು ಹಿಡಿದ ಕಬ್ಬಿಣಕ್ಕೆ ಒಂದು ದರ, ಪ್ಲಾಸ್ಟಿಕ್ ಬಾಟಲಿಗೆ ಒಂದು, ಹಳೆಯ ಪತ್ರಿಕೆಗೆ ಇನ್ನೊಂದು. ಅಂಗಡಿಯ ಹೊರಗೆ ಮಳೆಯಲ್ಲಿ ನೆನೆಯುತ್ತಾ ಬಿದ್ದಿದ್ದ ಏಳೆಂಟು ಮರದ ಚೌಕಟ್ಟುಗಳಿಗೆ ಮಾತ್ರ ಬೆಲೆಯಿರಲಿಲ್ಲ. ಸೌರಫಲಕಗಳನ್ನು ಹೊತ್ತು ಬಂದು, ಫಲಕಗಳು ಇಳಿದ ಮೇಲೆ ಅನಾಥವಾದ ಪ್ಯಾಲೆಟ್‌ಗಳವು. ವಿಚಾರಿಸಿದಾಗ ಅಂಗಡಿಯಾತ ತಲೆಯೆತ್ತದೆ ಹೇಳಿದ: 'ಅದು ಸೌದೆ ಲೆಕ್ಕ ಸಾರ್. ಹಂಡೆ ಒಲೆಗೆ ಬೇಕಾದ್ರೆ ಎತ್ಕೊಂಡು ಹೋಗಿ.'

ನಾನು ಹೋಗಿದ್ದುದು ಹಳೆಯ ಮೋಟಾರಿನ ಬಿಡಿಭಾಗ ಹುಡುಕಿಕೊಂಡು. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೆ ಕಾರಣ ಅಂಗಡಿಯಾತನಲ್ಲ, ನಾನೇ. ಅಜ್ಜಂಪುರದ ಬಳಿಯ ನಮ್ಮ ಹಳೆಯ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿದಾಗ ಬಾಗಿಲವಾಡ, ಕಂಬ, ತೊಲೆ, ಅಟ್ಟದ ಹಲಗೆಗಳನ್ನೆಲ್ಲ ಹಳೆಮರದ ವ್ಯಾಪಾರಿಯೊಬ್ಬರಿಗೆ ಒಂದೇ ಮೊತ್ತಕ್ಕೆ ಕೊಟ್ಟುಬಿಟ್ಟಿದ್ದೆ. ಅಜ್ಜ ಲಕ್ಕವಳ್ಳಿಯ ಕಡೆಯಿಂದ ಗಾಡಿಯ ಮೇಲೆ ತರಿಸಿದ್ದ ತೇಗ, ಮತ್ತಿ, ಹೊನ್ನೆಗಳವು. ಎಷ್ಟು ಅಡಿ, ಯಾವ ಜಾತಿ, ಏನು ಬೆಲೆ ಎಂದು ಒಮ್ಮೆಯೂ ಕೇಳಲಿಲ್ಲ. ಅಂಗಳ ಬೇಗ ಖಾಲಿಯಾದರೆ ಸಾಕೆಂಬ ಆತುರ ನನ್ನದಾಗಿತ್ತು. ಲಾರಿ ಹೊರಟಾಗ ಅಮ್ಮ ಹಿತ್ತಲಿಗೆ ಹೋಗಿ ನಿಂತಿದ್ದರು. ಏನೂ ಹೇಳಲಿಲ್ಲ. ಜಗಲಿಯ ಹಲಗೆಯ ಮೇಲೆ ಕುಳಿತು ಐವತ್ತು ವರ್ಷ ಸೊಪ್ಪು ಸೋಸಿದ್ದ ಅವರು ಆ ದಿನದಿಂದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರತೊಡಗಿದರು. ತೇಗವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದವನಿಗೆ ಪ್ಯಾಕಿಂಗ್ ಮರವನ್ನು ಸೌದೆಯೆಂದವನ ಮೇಲೆ ಬೇಸರಪಡುವ ಹಕ್ಕು ಎಲ್ಲಿಯದು? ಎರಡು ಪ್ಯಾಲೆಟ್‌ಗಳನ್ನು ಗೂಡ್ಸ್ ಆಟೊಗೆ ಹಾಕಿಸಿಕೊಂಡು ಊರಿಗೆ ತಂದೆ. ಅಮ್ಮನಿಗೆ ಹಿತ್ತಲಿನಲ್ಲಿ ಒಂದು ಬೆಂಚು ಮಾಡಿಕೊಡಬೇಕೆಂಬುದು ಉದ್ದೇಶ.

ಪ್ಯಾಲೆಟ್ ಎಂಬುದು ನಾವು ದಿನವೂ ನೋಡಿಯೂ ಕಾಣದ ವಸ್ತು. ಕೆಳಗೆ ಮೂರು ದಿಮ್ಮಿ ಅಥವಾ ಗಟ್ಟುಗಳು, ಮೇಲೆ ಸಂದು ಬಿಟ್ಟು ಜೋಡಿಸಿದ ಹಲಗೆಗಳು, ಫೋರ್ಕ್‌ಲಿಫ್ಟ್ ಯಂತ್ರದ ಎರಡು ಕೈಗಳು ತೂರಲು ನಡುವೆ ಜಾಗ. ಇಷ್ಟೇ ಅದರ ರಚನೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇದನ್ನು ಅಪಾರ ಪ್ರಮಾಣದಲ್ಲಿ ಬಳಸಿತು. ಯುದ್ಧ ಮುಗಿದು ಸೇನೆ ಮರಳಿದಾಗ ಆಸ್ಟ್ರೇಲಿಯದಲ್ಲಿ ಉಳಿದುಹೋದ ಪ್ಯಾಲೆಟ್‌ಗಳನ್ನೂ ಯಂತ್ರಗಳನ್ನೂ ಅಲ್ಲಿನ ಸರ್ಕಾರ ಎಸೆಯಲಿಲ್ಲ. ಅವನ್ನು ಬಾಡಿಗೆಗೆ ಕೊಟ್ಟು, ಮರಳಿ ಪಡೆದು, ದುರಸ್ತಿ ಮಾಡಿ ಮತ್ತೆ ಕೊಡುವ ವ್ಯವಸ್ಥೆಯನ್ನೇ ಕಟ್ಟಿತು. ಒಂದೇ ಮರ ಹತ್ತಾರು ಬಾರಿ ದುಡಿಯಬೇಕೆಂಬ ವಿವೇಕ ಈ ವಸ್ತುವಿನ ಹುಟ್ಟಿನಲ್ಲೇ ಇತ್ತು. ದೊಡ್ಡ ನಗರಗಳ ಕೈಗಾರಿಕಾ ಪ್ರದೇಶಗಳಲ್ಲಿ ಈಗಲೂ ಹಳೆಯ ಪ್ಯಾಲೆಟ್‌ಗಳಿಗೆ ಮಾರುಕಟ್ಟೆಯಿದೆ. ಸರಕಿನ ಜೊತೆ ಸಣ್ಣ ಊರಿಗೆ ಬಂದವು ಮಾತ್ರ ಹಿಂದಿರುಗುವುದಿಲ್ಲ. ಸಾಗಣೆಯ ಖರ್ಚೇ ಅವುಗಳ ಬೆಲೆಯನ್ನು ನುಂಗುತ್ತದೆ. ಹಾಗಾಗಿ ಅವುಗಳ ಕೊನೆಯ ನಿಲ್ದಾಣ ನಮ್ಮ ಬಚ್ಚಲೊಲೆ.

ಇದು ಯಾವ ಮರ? ಹೊರದೇಶದಿಂದ ಬಂದ ಪ್ಯಾಲೆಟ್ ಆದರೆ ಹೆಚ್ಚಾಗಿ ಪೈನ್. ನಮ್ಮ ದೇಶದಲ್ಲೇ ಮಾಡಿದ್ದಾದರೆ ನ್ಯೂಜಿಲೆಂಡ್ ಮುಂತಾದೆಡೆಗಳಿಂದ ಆಮದಾದ ಪೈನ್ ಇರಬಹುದು. ನೀಲಗಿರಿ, ಅಕೇಶಿಯಾ, ರಬ್ಬರ್ ಮರ ಇರಬಹುದು. ಸಿಲ್ವರ್ ಓಕ್ ಕೂಡ ಇರಬಹುದು. ಈ ಕೊನೆಯ ಹೆಸರು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಆಸ್ಟ್ರೇಲಿಯ ಮೂಲದ ಈ ಮರ ಬಾಬಾಬುಡನ್‌ಗಿರಿಯ ಇಳಿಜಾರಿನ ಕಾಫಿ ತೋಟಗಳಲ್ಲಿ ನೆರಳು ಕೊಡುತ್ತಾ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುತ್ತದೆ. ಬೆಳೆದ ಮೇಲೆ ಕೊಯ್ತದ ಮಿಲ್ಲಿಗೆ ಹೋಗಿ ಪ್ಲೈವುಡ್, ಪ್ಯಾಕಿಂಗ್ ಪೆಟ್ಟಿಗೆಯಾಗುತ್ತದೆ. ಬೆಟ್ಟದಿಂದ ಲಾರಿಯಲ್ಲಿ ಇಳಿದು ಹೋದ ಮರ ಪ್ಯಾಲೆಟ್ಟಾಗಿ ಮತ್ತೆ ಅದೇ ಬೆಟ್ಟದ ಬುಡಕ್ಕೆ ಬಂದು ಬೂದಿಯಾಗುವ ಸಾಧ್ಯತೆಯನ್ನು ನೆನೆದರೆ ಆಶ್ಚರ್ಯವೂ ಆಗುತ್ತದೆ, ವಿಷಾದವೂ ಆಗುತ್ತದೆ.

ಹಾಗೆಂದು ಸಿಕ್ಕ ಪ್ಯಾಲೆಟ್ಟನ್ನೆಲ್ಲ ಮನೆಗೆ ತರುವಂತಿಲ್ಲ. ಅದರ ಗಟ್ಟಿನ ಮೇಲೆ ಸುಟ್ಟು ಒತ್ತಿದ ಮುದ್ರೆಯೊಂದಿದ್ದರೆ ಮೊದಲು ಅದನ್ನು ಓದಬೇಕು. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಷ್ಯಾ ಮೂಲದ ಕೊಂಬಿನ ಜೀರುಂಡೆ ಪತ್ತೆಯಾಯಿತು. ಚೀನಾದಿಂದ ಬಂದ ಪ್ಯಾಕಿಂಗ್ ಮರದೊಳಗೆ ಅಡಗಿ ಅದು ಸಮುದ್ರ ದಾಟಿತ್ತೆಂಬುದು ತಜ್ಞರ ತೀರ್ಮಾನ. ಸರಕಿನ ಜೊತೆ ಕೀಟವೂ ಪ್ರಯಾಣಿಸುವುದನ್ನು ತಡೆಯಲು 2002ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಬಂತು. ಅದರಂತೆ ಗಡಿ ದಾಟುವ ಪ್ಯಾಕಿಂಗ್ ಮರಕ್ಕೆ ಉಪಚಾರ ನಡೆದಿರಬೇಕು ಮತ್ತು ಅದರ ಗುರುತು ಮರದ ಮೇಲಿರಬೇಕು. ಒಂದು ತೆನೆಯ ಚಿತ್ರ, ದೇಶದ ಎರಡಕ್ಷರ, ತಯಾರಕರ ಸಂಖ್ಯೆ, ಕೊನೆಗೆ ಉಪಚಾರದ ಸಂಕೇತ. 'ಎಚ್‌ಟಿ' ಎಂದಿದ್ದರೆ ಮರದ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕನಿಷ್ಠ 30 ನಿಮಿಷ ಕೊಡಲಾಗಿದೆ ಎಂದರ್ಥ, ಇದರಲ್ಲಿ ರಾಸಾಯನಿಕವಿಲ್ಲ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಯಿಸಲಾಗಿದೆ. ಓಜೋನ್ ಪದರಕ್ಕೆ ಹಾನಿಕರವಾದ ಈ ಅನಿಲವನ್ನು ಐರೋಪ್ಯ ಒಕ್ಕೂಟ 2010ರಲ್ಲಿ ಕೈಬಿಟ್ಟಿತು. ಅನಿಲದ ಬಹುಪಾಲು ಮರದಿಂದ ಆರಿಹೋಗುತ್ತದೆಯಾದರೂ ಅಂಥ ಮರವನ್ನು ತರಕಾರಿ ಮಡಿಗೆ, ಕೋಳಿಗೂಡಿಗೆ ಬಳಸದಿರುವುದೇ ಲೇಸು.

ಮುದ್ರೆಯೇ ಇಲ್ಲದಿದ್ದರೆ? ದೇಶದೊಳಗೇ ಓಡಾಡುವ ಪ್ಯಾಲೆಟ್‌ಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಆದ್ದರಿಂದ ಮುದ್ರೆಯಿಲ್ಲದ ಮರವೆಲ್ಲ ವಿಷವಲ್ಲ. ಆದರೆ ಅದು ಏನನ್ನು ಹೊತ್ತಿತ್ತು ಎಂಬುದನ್ನು ಕೇಳಿ ತಿಳಿಯಬೇಕು. ಎಣ್ಣೆಯ ಕಲೆ, ಕೀಟನಾಶಕದ ವಾಸನೆ, ಬಣ್ಣದ ಲೇಪ ಇದ್ದರೆ ಬಿಟ್ಟುಬಿಡಬೇಕು. ಅಂಥದ್ದನ್ನು ಒಲೆಗೂ ಹಾಕಬಾರದು. ಅದರ ಹೊಗೆಯನ್ನು ಉಸಿರಾಡುವವರು ನಮ್ಮ ಮನೆಯವರು. ಬೂದಿ ಬೀಳುವುದು ನಮ್ಮದೇ ಬಾಳೆಯ ಬುಡಕ್ಕೆ.

ನನ್ನ ಮೊದಲ ಬೆಂಚಿನ ಕಥೆ ಸಣ್ಣದು. ಹಾರೆಯಿಂದ ಮೀಟಿ ಹಲಗೆ ಬಿಡಿಸಲು ಹೋದೆ. ಮೂರರಲ್ಲಿ ಎರಡು ಸೀಳಿದವು. ಪ್ಯಾಲೆಟ್ಟಿನ ಮೊಳೆಗಳಿಗೆ ಸಾಮಾನ್ಯವಾಗಿ ತಿರುಪಿನಂಥ ಏಣುಗಳಿರುತ್ತವೆ, ಅವು ಕಿತ್ತು ಬರಬಾರದೆಂದೇ ಹಾಗೆ ಮಾಡಿರುತ್ತಾರೆ ಎಂಬುದು ಆಗ ಗೊತ್ತಿರಲಿಲ್ಲ. ಉಳಿದ ಹಲಗೆಗಳಲ್ಲಿ ಹೇಗೋ ಒಂದು ಬೆಂಚು ಮಾಡಿ ನುಗ್ಗೆಮರದ ಕೆಳಗೆ ನೆಲದ ಮೇಲೆಯೇ ಇಟ್ಟೆ. ಅಮ್ಮ ಒಂದು ಬೇಸಿಗೆ ಅದರ ಮೇಲೆ ಕೂತರು. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕೂರಲು ಹೋದಾಗ ಹಿಂದಿನ ಕಾಲು ಕುಸಿಯಿತು. ಹೊರಗೆ ನೋಡಲು ಗಟ್ಟಿಯಾಗಿದ್ದ ಕಾಲಿನೊಳಗೆ ಗೆದ್ದಲು ಮಣ್ಣಿನ ಹೊರತು ಏನನ್ನೂ ಉಳಿಸಿರಲಿಲ್ಲ. ಅಮ್ಮನಿಗೆ ಪೆಟ್ಟಾಗಲಿಲ್ಲ ಎಂಬುದಷ್ಟೇ ಸಮಾಧಾನ. ಹಳೆಯ ತೇಗದ ಹಲಗೆಯನ್ನು ಕೊಟ್ಟು ಹುಳು ತಿನ್ನುವ ಮರವನ್ನು ತಂದಿಟ್ಟವನೆಂಬ ಭಾವನೆ ನನ್ನನ್ನು ಬಹಳ ದಿನ ಕಾಡಿತು.

ಆಮೇಲೆ ಬುದ್ಧಿ ಬಂದು ಊರಿನ ಹಿರಿಯ ಆಚಾರ್ರನ್ನು ಕರೆದೆ. ಅಜ್ಜಂಪುರದ ಸುತ್ತಿನ ಎರೆಭೂಮಿಯ ರೈತರಿಗೆ ನೇಗಿಲು, ಕುಂಟೆ, ಕೂರಿಗೆ ಮಾಡಿಕೊಟ್ಟು, ಸುಗ್ಗಿಯಲ್ಲಿ ಆಯವಾಗಿ ಕಾಳು ಪಡೆಯುತ್ತಿದ್ದ ಮನೆತನ ಅವರದು. ಟ್ರ್ಯಾಕ್ಟರ್ ಬಂದು ನೇಗಿಲು ಹೋಯಿತು. ಸಿಮೆಂಟು, ಉಕ್ಕು, ಪ್ಲಾಸ್ಟಿಕ್ ಬಂದು ಬಾಗಿಲು ಕಿಟಕಿಯ ಕೆಲಸವೂ ಕಡಿಮೆಯಾಯಿತು. ಪ್ಯಾಲೆಟ್ ನೋಡಿ ಅವರು ಮೊದಲು ನಕ್ಕರು. 'ಕರಿಜಾಲಿಗೆ ಹಾಕಿದ ಉಳಿಯನ್ನ ಈ ಡಬ್ಬಿ ಮರಕ್ಕೆ ಹಾಕಲಾ?' ಎಂದರು. ಆದರೂ ಕುಳಿತು ಒಂದೊಂದೇ ಹಲಗೆಯನ್ನು ತಿರುಗಿಸಿ, ಉಗುರಿನಿಂದ ಒತ್ತಿ, ಮೂಸಿ ನೋಡಿ ಮೂರು ರಾಶಿ ಮಾಡಿದರು: ಭಾರ ಹೊರುವುದು, ಮೇಲೆ ಹೊದಿಸುವುದು, ಕೆಲಸಕ್ಕೆ ಬಾರದ್ದು. ಮೊಳೆಯನ್ನು ಕೀಳಲಿಲ್ಲ. ಹಲಗೆಗೂ ಗಟ್ಟಿಗೂ ನಡುವೆ ಹ್ಯಾಕ್ಸಾ ಬ್ಲೇಡು ತೂರಿಸಿ ಮೊಳೆಯನ್ನೇ ಕತ್ತರಿಸಿದರು. ಬೆಂಚಿನ ನಾಲ್ಕು ಕಾಲಿಗೂ ಸೈಜುಗಲ್ಲಿನ ತುಂಡು ಕೊಟ್ಟು ನೆಲದಿಂದ ಗೇಣುದ್ದ ಮೇಲೆತ್ತಿದರು. ಗೆದ್ದಲು ಕಲ್ಲನ್ನು ಹತ್ತಿ ಬರಬಹುದು, ಆದರೆ ಕಲ್ಲಿನ ಮೇಲೆ ಅದರ ಮಣ್ಣಿನ ದಾರಿ ಕಣ್ಣಿಗೆ ಕಾಣುತ್ತದೆ, ಗುಡಿಸಿ ಹಾಕಬಹುದು ಎಂಬುದು ಅವರ ಲೆಕ್ಕ. ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕೈಗೆ ತಾಗದಂತೆ ಸವರಿ, ವಾರಗಟ್ಟಲೆ ಒಣಗಲು ಬಿಟ್ಟರು. ಆ ಬೆಂಚು ಮೂರು ಮಳೆಗಾಲ ಕಂಡಿದೆ.

ಅದಕ್ಕಿಂತ ದೊಡ್ಡ ಪಾಠ ಅವರಾಡಿದ ಒಂದು ಮಾತಿನಲ್ಲಿತ್ತು. ಬಿಡಿಸದೆ ಉಳಿದಿದ್ದ ಪ್ಯಾಲೆಟ್ಟನ್ನು ನೋಡಿ, 'ಇದು ನಮ್ಮ ಅಟ್ಟ ಅಲ್ವಾ?' ಎಂದರು. ನಿಜ. ಕಡೂರು ಸೀಮೆಯ ತೆಂಗಿನ ಬೆಳೆಗಾರರು ಉಂಡೆ ಕೊಬ್ಬರಿಗಾಗಿ ಬಲಿತ ಕಾಯಿಗಳನ್ನು ಸಂದು ಬಿಟ್ಟು ಜೋಡಿಸಿದ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಕೆಳಗಿನಿಂದ ಗಾಳಿಯಾಡಿ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗಡಗಡ ಸದ್ದು ಮಾಡುವವರೆಗೆ. ಅಜ್ಜಂಪುರದ ಈರುಳ್ಳಿಗೂ ಬೇಕಾದದ್ದು ಇದೇ: ನೆಲದಿಂದ ಎತ್ತರಿಸಿದ, ತಳದಿಂದಲೂ ಬದಿಯಿಂದಲೂ ಗಾಳಿಯಾಡುವ ಹಾಸು. ನೆಲದ ಮೇಲೆ ರಾಶಿ ಹಾಕಿದ ಈರುಳ್ಳಿ ಕೊಳೆಯುತ್ತದೆಂಬ ಭಯದಿಂದಲೇ ಎಷ್ಟೋ ರೈತರು ಸಿಕ್ಕ ಬೆಲೆಗೆ ಮಾರುತ್ತಾರೆ. ನಾಲ್ಕಾರು ಪ್ಯಾಲೆಟ್ ಜೋಡಿಸಿ, ಬದಿಗೆ ಜಾಲರಿ ಕಟ್ಟಿ, ಮೇಲೆ ನೆರಳು ಮಾಡಿದರೆ ಕೆಲವು ವಾರಗಳ ಬಿಡುವು ಸಿಗುತ್ತದೆ. ಮುಂಗಾರಿನ ಈರುಳ್ಳಿ ಸ್ವಭಾವತಃ ಹೆಚ್ಚು ದಿನ ತಾಳುವುದಲ್ಲ, ಆದ್ದರಿಂದ ಇದು ತಿಂಗಳುಗಟ್ಟಲೆ ಕಾಯುವ ಉಪಾಯವಲ್ಲ. ಆದರೆ ಬೆಲೆ ಬಿದ್ದ ದಿನವೇ ಮಾರಬೇಕಾಗಿಲ್ಲ ಎಂಬುದೂ ಸಣ್ಣ ಮಾತಲ್ಲ.

ತರೀಕೆರೆಯ ಬಳಿ ತೋಟ ಮಾಡಿಕೊಂಡಿರುವ ನನ್ನ ತಂಗಿ ನಾಲ್ಕು ಪ್ಯಾಲೆಟ್‌ಗಳನ್ನು ಚೌಕವಾಗಿ ನಿಲ್ಲಿಸಿ, ಮೂಲೆಗಳನ್ನು ತಂತಿಯಿಂದ ಬಿಗಿದು ಗೊಬ್ಬರದ ತೊಟ್ಟಿ ಮಾಡಿಕೊಂಡಿದ್ದಾಳೆ. ಅಡಕೆ ಸಿಪ್ಪೆ, ಸೋಗೆ, ಸಗಣಿ, ಅಡುಗೆಮನೆಯ ಕಸ ಎಲ್ಲವೂ ಅದರೊಳಗೆ. ಸಂದುಗಳಿಂದ ಗಾಳಿ ಹೋಗುವುದರಿಂದ ಗೊಬ್ಬರ ನಾರುವುದಿಲ್ಲ. ಇದಕ್ಕೆ ಬಡಗಿಯೂ ಬೇಕಾಗಲಿಲ್ಲ, ಒಂದು ಹಲಗೆಯನ್ನೂ ಬಿಡಿಸಬೇಕಾಗಲಿಲ್ಲ.

ಇದೇ ಉತ್ಸಾಹದಲ್ಲಿ ಹಳೆಯ ರೈಲ್ವೆ ಸ್ಲೀಪರುಗಳತ್ತ ಕೈಚಾಚುವವರಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಮೂರೂ ಊರುಗಳನ್ನು ಬೀರೂರು ಜಂಕ್ಷನ್ ಹೆಣೆದಿದೆ: ಕಡೂರು, ಅಜ್ಜಂಪುರ ಹುಬ್ಬಳ್ಳಿಯ ಮಾರ್ಗದಲ್ಲಿ, ತರೀಕೆರೆ ಶಿವಮೊಗ್ಗದ ಕವಲಿನಲ್ಲಿ. 1990ರ ದಶಕದಲ್ಲಿ ಈ ಹಳಿಗಳು ಮೀಟರ್ ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಾದವು. ಹಳೆಯ ಮಾರ್ಗಗಳ ಮರದ ಸ್ಲೀಪರುಗಳನ್ನು ಗೇಟಿನ ಕಂಬವಾಗಿ, ಕಟ್ಟೆಯ ಹಲಗೆಯಾಗಿ ಬಳಸುವುದು ರೂಢಿ. ಮರ ಗಟ್ಟಿ, ನಿಜ. ಆದರೆ ಅವುಗಳಲ್ಲಿ ಹಲವಕ್ಕೆ ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ ಕುಡಿಸಿರುತ್ತಾರೆ. ಅದು ಕ್ಯಾನ್ಸರ್‌ಕಾರಕ. ಐರೋಪ್ಯ ಒಕ್ಕೂಟ 2003ರಿಂದಲೇ ಅಂಥ ಮರವನ್ನು ಆಟದ ಬಯಲು ಮತ್ತು ಉದ್ಯಾನದ ಪೀಠೋಪಕರಣಗಳಿಗೆ ಬಳಸದಂತೆ ನಿರ್ಬಂಧಿಸಿತು. ಬಿಸಿಲಿಗೆ ಕಪ್ಪು ಎಣ್ಣೆ ಒಸರುವ ಸ್ಲೀಪರಿನ ಮೇಲೆ ಮಕ್ಕಳನ್ನು ಕೂರಿಸಬಾರದು, ಅದನ್ನು ಸ್ನಾನದ ಒಲೆಗೆ ಹಾಕಲೇಬಾರದು.

ಆಚಾರ್ರ ಎರಡು ದಿನದ ಕೂಲಿ, ತಿರುಪು ಮೊಳೆ, ಎಣ್ಣೆ ಎಲ್ಲ ಸೇರಿ ನನ್ನ ಬೆಂಚಿಗೆ ಆದ ಖರ್ಚಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳು ಖಂಡಿತ ಬರುತ್ತಿದ್ದವು. ಪುಕ್ಕಟೆ ಮರದಿಂದ ಪುಕ್ಕಟೆ ಬೆಂಚು ಬರುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೆ ಆ ಹಣ ಎಲ್ಲಿಗೆ ಹೋಯಿತೆಂದು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಅದು ಊರಿನೊಳಗೇ, ಕೆಲಸ ಬಲ್ಲ ಒಂದು ಕೈಗೆ ಹೋಯಿತು. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲ; ಅದು ಒಂದೇ ಬೆಳಗಿಗೆ ಹೊಗೆಯಾಗುವ ಬದಲು ಕೆಲವು ವರ್ಷ ಬೆಂಚಾಗಿ ನಿಂತಿದೆ. ಇದರಿಂದ ಭೂಮಿ ತಣ್ಣಗಾಗುತ್ತದೆಂದು ನಾನು ಹೇಳಲಾರೆ. ಆದರೆ ಕಡಿದ ಮರಕ್ಕೆ ನಾವು ಕೊಡಬಹುದಾದ ಕನಿಷ್ಠ ಮರ್ಯಾದೆ ಇದು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಪುರಸಭೆ, ಪಟ್ಟಣ ಪಂಚಾಯಿತಿಗಳು ಒಣಕಸ ಬೇರ್ಪಡಿಸುವಲ್ಲಿ ಮರಕ್ಕೊಂದು ಮೂಲೆ ಮೀಸಲಿಡಬಹುದು. ಸೌರಫಲಕ, ಯಂತ್ರೋಪಕರಣ ಮಾರುವವರು ಪ್ಯಾಲೆಟ್ಟನ್ನು ಗುಜರಿಗೆ ತಳ್ಳುವ ಮುನ್ನ ಹತ್ತಿರದ ಶಾಲೆಗೋ ಐಟಿಐಗೋ ಒಂದು ಮಾತು ತಿಳಿಸಬಹುದು. ಮರಗೆಲಸ ಕಲಿಯುವ ಹುಡುಗರು ದುಬಾರಿ ತೇಗದ ಮೇಲೆ ಉಳಿ ಹಿಡಿಯಲು ಕಲಿಯುವುದು ಅಸಾಧ್ಯ. ಈ ಡಬ್ಬಿ ಮರದ ಮೇಲೆ ಧಾರಾಳವಾಗಿ ತಪ್ಪು ಮಾಡಬಹುದು. ಹೇಳಿಕೊಡಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬಹಳ ಕಾಲ ಇರುವುದಿಲ್ಲ.

ಅಮ್ಮ ಈಗ ಸಂಜೆ ಆ ಬೆಂಚಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾರೆ. 'ಇದು ಯಾವ ಮರವೋ?' ಎಂದು ಒಮ್ಮೆ ಕೇಳಿದರು. ಒಂದು ಕಾಲು ಪೈನ್, ಇನ್ನೊಂದು ಸಿಲ್ವರ್ ಓಕ್ ಇರಬಹುದು, ಉಳಿದದ್ದು ತಿಳಿಯದು ಎಂದೆ. ಹಲಗೆಯ ಮೇಲೆ ಕೈಯಾಡಿಸುತ್ತಾ, 'ನಮ್ಮ ಜಗಲಿದು ಹೊನ್ನೆ' ಎಂದಷ್ಟೇ ಹೇಳಿದರು. ಆ ಹೊನ್ನೆಯನ್ನು ನಾನು ಮರಳಿ ತರಲಾರೆ.

ಕಳೆದ ತಿಂಗಳು ಕಡೂರಿನ ಅದೇ ಗುಜರಿ ಅಂಗಡಿಗೆ ಮತ್ತೆ ಹೋಗಿದ್ದೆ. ಪ್ಯಾಲೆಟ್‌ಗಳು ಈ ಸಲ ತಗಡಿನ ಮಾಡಿನ ಕೆಳಗಿದ್ದವು. ಒಂದನ್ನು ಎತ್ತಿಕೊಳ್ಳಲು ಹೋದಾಗ ಅಂಗಡಿಯಾತ ಬಂದು, 'ಒಂದಕ್ಕೆ ಐವತ್ತು ರೂಪಾಯಿ ಸಾರ್, ಈಗ ಕೇಳೋರು ಬರ್ತಾರೆ' ಎಂದ. ಚೌಕಾಸಿ ಮಾಡದೆ ಕೊಟ್ಟೆ.