ಮೊದಲ ಇಟಲಿ ಪ್ರವಾಸಕ್ಕೆ ಎಷ್ಟು ಊರು ಸಾಕು?

ಪ್ರಶ್ನೆ: ಇಟಲಿಗೆ ಮೊದಲ ಸಲ ಹೊರಟಿದ್ದೇವೆ. ಒಂಬತ್ತು ದಿನಗಳಲ್ಲಿ ಯಾವ ಯಾವ ಊರು ನೋಡಬೇಕು?

ಉತ್ತರ: ರೋಮ್, ಫ್ಲಾರೆನ್ಸ್, ವೆನಿಸ್ ಈ ಮೂರೇ ಸಾಕು. ಕಾರಣ ಚರಿತ್ರೆಯಲ್ಲಿದೆ. ಇಟಲಿ ಒಂದು ರಾಜ್ಯವೆಂದು ಘೋಷಣೆಯಾದದ್ದೇ 1861ರಲ್ಲಿ. ವೆನಿಸ್ ಸೇರಿದ್ದು 1866ರಲ್ಲಿ, ರೋಮ್ 1870ರಲ್ಲಿ. ಶತಮಾನಗಳ ಕಾಲ ವೆನಿಸ್ ಕಡಲ ವ್ಯಾಪಾರದ ಗಣರಾಜ್ಯವಾಗಿತ್ತು, ರೋಮ್ ಪೋಪರ ರಾಜಧಾನಿಯಾಗಿತ್ತು, ಫ್ಲಾರೆನ್ಸ್ ಮೆಡಿಚಿ ಎಂಬ ಲೇವಾದೇವಿ ಮನೆತನದ ಹಿಡಿತದಲ್ಲಿತ್ತು. ಹಾಗಾಗಿ ಒಂದೊಂದು ಊರಿಗೂ ಬೇರೆಯದೇ ಕಟ್ಟಡ, ಊಟ, ನಡೆನುಡಿ. ಮೂರು ಊರು ನೋಡಿದರೆ ಮೂರು ದೇಶ ನೋಡಿದಂತೆ.

ಅಷ್ಟು ದುಡ್ಡು ಸುರಿದು ಮೂರೇ ಊರೇ ಎನ್ನಬಹುದು. ಆದರೆ ಹೋಟೆಲ್ ಬದಲಿಸಿದಾಗಲೆಲ್ಲ ಅರ್ಧ ದಿನ ಪೆಟ್ಟಿಗೆ ಕಟ್ಟುವುದಕ್ಕೇ ಹೋಗುತ್ತದೆ. ವೇಗದ ರೈಲಿನಲ್ಲಿ ರೋಮಿನಿಂದ ಫ್ಲಾರೆನ್ಸ್ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್ ಎರಡು ಗಂಟೆ ಚಿಲ್ಲರೆ. ವಾಲಿದ ಗೋಪುರದ ಪೀಸಾಕ್ಕೆ ಫ್ಲಾರೆನ್ಸಿನಿಂದ ಹೋಗಿ ಸಂಜೆಗೆ ಮರಳಬಹುದು. ಈ ಊರುಗಳಲ್ಲಿ ವಿಪರೀತ ಜನಜಂಗುಳಿ ಎಂಬ ಆಕ್ಷೇಪವೂ ನಿಜವೇ. ಆದರೆ ವೆನಿಸ್‌ಗೆ ಬರುವವರಲ್ಲಿ ಬಹಳ ಮಂದಿ ಸಂಜೆಗೆ ಹೊರಟುಬಿಡುತ್ತಾರೆ. ರಾತ್ರಿ ಉಳಿದವರಿಗೆ ಕಾಲುವೆಗಳ ಊರು ನಿಧಾನವಾಗಿ ದಕ್ಕುತ್ತದೆ. ಜಂಗುಳಿಗೆ ಮದ್ದು ಊರು ಬಿಡುವುದಲ್ಲ, ಅಲ್ಲೇ ಉಳಿಯುವುದು.