ಅಂಗುಲಕ್ಕೆ ಐದಡಿ ಲೋಕ

ಅಕ್ಕನ ಮಗ ನನ್ನ ಅಂಗೈ ಮೇಲೆ ಒಂದು ಕಲ್ಲುಗೋಡೆ ಇಟ್ಟ. ಗೇಣುದ್ದದ ಪಾಳುಗೋಡೆ. ಪಾಚಿ ಹತ್ತಿದ ಕಲ್ಲುಗಳು, ಅಲ್ಲಲ್ಲಿ ಉದುರಿದ ಗಾರೆ, ಮೂಲೆಯಲ್ಲಿ ಮಳೆನೀರು ಇಳಿದಿಳಿದು ಕಪ್ಪಾದ ಗೆರೆ. ಭಾರ ಹೊರಲು ಸಜ್ಜಾಗಿದ್ದ ಕೈ ತಾನಾಗಿ ಮೇಲಕ್ಕೆ ಹಾರಿತು. ತೂಕವೇ ಇಲ್ಲ! ಹಪ್ಪಳ ಹಿಡಿದ ಹಾಗಿದೆ. ಕಣ್ಣು ಕಲ್ಲು ಅನ್ನುತ್ತಿದೆ, ಕೈ ಅಲ್ಲ ಅನ್ನುತ್ತಿದೆ. ಇಷ್ಟು ದಿನವಾದರೂ ಆ ಎರಡರ ಜಗಳ ನನ್ನೊಳಗೆ ತೀರಿಲ್ಲ.

"ತಾರಸಿ ಬಿಸಿಯಾಗದಿರಲಿ ಅಂತ ಹಾಕ್ತಾರಲ್ಲ, ಆ ಫೋಮ್ ಹಲಗೆ ಮಾಮ. ಕಲ್ಲು ಮಾಡಿದ್ದು ನಾನೇ," ಅಂದ.

ಬಾಗಿಲು ಪೂರ್ತಿ ತೆರೆದಾಗ ಮೇಜು ಕಂಡಿತು. ಮೇಜು ಅನ್ನಬಾರದು, ಅಲ್ಲೊಂದು ಕಣಿವೆ ಇತ್ತು! ಎರಡು ಬಂಡೆಗಳ ನಡುವೆ ಹಗ್ಗದ ಸೇತುವೆ, ಕೆಳಗೆ ಹಸಿರುಗಪ್ಪು ನೀರು, ಆಚೆ ದಡದಲ್ಲಿ ಅರ್ಧ ಕುಸಿದ ಗೋಪುರ. ಅದರ ತುದಿಯಲ್ಲಿ ನನ್ನ ಹೆಬ್ಬೆರಳಿನ ಮೊದಲ ಗಂಟಿಗಿಂತ ಒಂದಿಷ್ಟು ಎತ್ತರದ ಬಿಲ್ಲುಗಾರ್ತಿ. ಅವನೂ ಅವನ ಗೆಳೆಯರೂ ಪ್ರತಿ ಭಾನುವಾರ ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಅದರೊಳಗೆ ಬದುಕುತ್ತಾರೆ, ಇಪ್ಪತ್ತು ಮುಖದ ದಾಳ ಅವರ ಸೋಲು ಗೆಲುವನ್ನು ತೀರ್ಮಾನಿಸುತ್ತದೆ. ಕಥೆ ಕಾಳಗಕ್ಕೆ ತಿರುಗಿದಾಗ ಈ ಮಿನಿಗಳು, ಅಂದರೆ ಪುಟ್ಟ ಗೊಂಬೆಗಳು, ಮೇಜಿಗೆ ಇಳಿಯುತ್ತವೆ. ಅವು ನಿಲ್ಲಲು ನೆಲ ಬೇಕಲ್ಲ? ಆ ನೆಲವನ್ನು ಕೈಯಾರೆ ಕಟ್ಟುವುದೇ ಟೆರೇನ್. ನಾನು ಕೇಳಬೇಕೆಂದಿದ್ದ ಮಾತೆಲ್ಲ ಮರೆತು, "ಈ ಕಲ್ಲು ಮಾಡಿದ್ದು ಹೇಗೆ ತೋರಿಸು" ಅಂದೆ.

ಅವನು ಅಡುಗೆಮನೆಗೆ ಹೋಗಿ ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಫಾಯಿಲ್ ತಂದ. ಒಂದು ತುಂಡು ಹರಿದು ನಿಂಬೆಹಣ್ಣಿನ ಗಾತ್ರಕ್ಕೆ ಮುದುಡಿದ. ಫೋಮಿನ ನುಣುಪು ಮೈ ಮೇಲೆ ಆ ಉಂಡೆಯನ್ನು ಒತ್ತಿ ಉರುಳಿಸಿದ. ಅಷ್ಟೇ! ಅಷ್ಟಕ್ಕೇ ಅದು ಕಲ್ಲಾಯಿತು! ಮುದುಡಿದ ಫಾಯಿಲಿನಲ್ಲಿ ಒಂದರಂತೆ ಇನ್ನೊಂದಿಲ್ಲದ ಸಾವಿರ ಮೂಲೆ, ಸಾವಿರ ಏಣು. ಒಂದೊಂದೂ ತನ್ನ ಕುಳಿಯನ್ನು ಒತ್ತಿ ಹೋಗುತ್ತದೆ. ಬೆರಳಿಂದ ಕೆತ್ತಲು ಹೋದರೆ ನಮಗೆ ಗೊತ್ತಿಲ್ಲದೆಯೇ ಸಾಲು ಬೀಳುತ್ತದೆ, ಲಯ ಬೀಳುತ್ತದೆ, ಕಲ್ಲಿಗೆ ಆ ಲಯವಿಲ್ಲ. ಆಮೇಲೆ ಚೂಪು ಪೆನ್ಸಿಲಿನಿಂದ ಗಾರೆಯ ಗೆರೆ ಎಳೆದ. ಮೆತ್ತನೆ ಫೋಮ್ ಪೆನ್ಸಿಲಿಗೆ ದಾರಿ ಬಿಟ್ಟು, ಬಿಟ್ಟ ದಾರಿಯನ್ನು ಹಾಗೇ ಉಳಿಸಿಕೊಂಡಿತು.

ಟಿವಿ ಡಬ್ಬದೊಳಗೆ ಬರುವ ಬಿಳಿ ಥರ್ಮಾಕೋಲಿಗೆ ಈ ಗುಣವಿಲ್ಲ. ಅದು ಉಬ್ಬಿದ ಮಣಿಗಳನ್ನು ಆವಿಯಲ್ಲಿ ಬೆಸೆದು ಮಾಡಿದ್ದು, ಕತ್ತಿ ತಾಗಿದರೆ ಸಾಬಕ್ಕಿಯಂತೆ ಉದುರುತ್ತದೆ. ಎಕ್ಸ್‌ಪಿಎಸ್ ಎಂಬ ಈ ಹಲಗೆಯೂ ಅದೇ ಪಾಲಿಸ್ಟೈರೀನ್. ಆದರೆ ಕರಗಿದ ಪ್ಲಾಸ್ಟಿಕ್ಕಿಗೆ ಅನಿಲ ಸೇರಿಸಿ ಒಂದೇ ಹಿಟ್ಟಿನಂತೆ ಹೊರಕ್ಕೆ ಒತ್ತುವುದರಿಂದ ಒಳಗೆ ಮಣಿಯಿಲ್ಲ, ಬರೀ ಮುಚ್ಚಿದ ಸಣ್ಣ ಗುಳ್ಳೆ. ಕಾದ ನೈಕ್ರೋಮ್ ತಂತಿಯನ್ನು ತಂದರೆ ಸಾಕು, ತಂತಿ ಮುಟ್ಟುವ ಮೊದಲೇ ಫೋಮ್ ಕರಗಿ ಬೇರೆಯಾಗುತ್ತದೆ, ಬೆಣ್ಣೆಗಿಂತ ಸಲೀಸು. (ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲೇಬೇಕು.)

ನಾನು ಮನೆಗೆ ಬಂದು ಆ ರಾತ್ರಿಯೇ ಒಂದು ಗೋಡೆ ಮಾಡಿದೆ. ಬಣ್ಣ ಬೇಗ ಹತ್ತಲಿ ಅಂತ ಕಪ್ಪು ಸ್ಪ್ರೇ ಹೊಡೆದೆ. ಕಣ್ಣೆದುರೇ ಗೋಡೆ ಸುಕ್ಕುಗಟ್ಟಿತು, ಕಲ್ಲುಗಳ ನಡುವೆ ಬಿಲ ಬಿದ್ದವು, ತುದಿ ಜೇನುತಟ್ಟಿಯಾಯಿತು. ಸ್ಪ್ರೇಯಲ್ಲಿರುವ ದ್ರಾವಕ ಫೋಮನ್ನು ತಿನ್ನುತ್ತದೆ ಎಂದು ಕಲಿತದ್ದು ಹಾಗೆ. ಅಕ್ಕನ ಮಗನಿಗೆ ತೋರಿಸಿದರೆ ಅವನ ಕಣ್ಣು ಅರಳಿತು. ಲಾವಾರಸ ಹರಿದ ಬಂಡೆ ಬೇಕಾದಾಗ ಬಲ್ಲವರು ಬೇಕೆಂದೇ ಹೀಗೆ ಮಾಡುತ್ತಾರಂತೆ! ಕಲ್ಲು ಕಲ್ಲಾಗಿಯೇ ಉಳಿಯಬೇಕಾದರೆ ಮೊದಲು ಫೆವಿಕಾಲಿಗೆ ಕಪ್ಪು ಬಣ್ಣ ಕಲಸಿ ಬ್ರಶ್ಶಿನಿಂದ ಬಳಿಯಬೇಕು. ಒಣಗಿದರೆ ಅದೇ ತೊಗಲು, ಅದೇ ಕವಚ, ಅದೇ ಮೊದಲ ಬಣ್ಣ.

ಇಲ್ಲಿಂದ ಮುಂದಿನದು ನನಗೆ ಇನ್ನೂ ಮಾಯೆಯೇ. ಬ್ರಶ್ಶನ್ನು ಬೂದು ಬಣ್ಣದಲ್ಲಿ ಅದ್ದಿ, ಹಳೇ ಬಟ್ಟೆಗೆ ಒರೆಸಿ ಒರೆಸಿ ಬಣ್ಣವೇ ಇಲ್ಲ ಅನ್ನುವಷ್ಟು ಒಣಗಿಸಿ, ಗೋಡೆಯ ಮೇಲೆ ಹಗುರವಾಗಿ ಆಡಿಸಬೇಕು. ಬಣ್ಣ ಏಣುಗಳಿಗೆ ಮಾತ್ರ ಹತ್ತುತ್ತದೆ, ಕುಳಿಗೆ ಇಳಿಯುವುದಿಲ್ಲ. ಇದು ಡ್ರೈ ಬ್ರಶ್. ಇನ್ನೂ ತಿಳಿ ಬೂದಿನಲ್ಲಿ ಇನ್ನೊಮ್ಮೆ. ಕೊನೆಗೆ ಅದಕ್ಕೆ ತದ್ವಿರುದ್ಧವಾದ ವಾಶ್: ಕಂದುಗಪ್ಪು ಬಣ್ಣವನ್ನು ನೀರಾಗಿ ಕದಡಿ ಸುರಿದರೆ ಅದು ಏಣುಗಳನ್ನು ಬಿಟ್ಟು ಕುಳಿಗಳಲ್ಲಿ ಹೋಗಿ ನಿಲ್ಲುತ್ತದೆ. ಯಾಕಿಷ್ಟು ಪಾಡು? ನಿಜವಾದ ಕೋಟೆಯ ಸಂದಿನಲ್ಲಿ ಬಿಸಿಲು ಆಳವಾದ ನೆರಳು ಕಡೆಯುತ್ತದೆ. ಕೂದಲೆಳೆಯಷ್ಟು ಸಂದಿಗೆ ಕೋಣೆಯ ದೀಪ ಅಷ್ಟು ನೆರಳು ಕೊಡಲಾರದು. ಅದಕ್ಕೇ ನೆರಳನ್ನೂ ಬಿಸಿಲನ್ನೂ ನಾವೇ ಬರೆದುಬಿಡಬೇಕು. ಬಣ್ಣ ಹಚ್ಚುತ್ತಿದ್ದೇವೆ ಅಂದುಕೊಂಡಿದ್ದೆ, ನಿಜಕ್ಕೂ ನಾವು ಹಚ್ಚುತ್ತಿದ್ದದ್ದು ಸೂರ್ಯನನ್ನು!

ಮಾರನೆಯ ದಿನದಿಂದ ನಾನು ಬೀದಿಯಲ್ಲಿ ಕೆಳಗೆ ನೋಡಿಕೊಂಡೇ ನಡೆಯುತ್ತಿದ್ದೇನೆ. ಒಂದು ಮರದ ತೊಗಟೆ ಸಿಕ್ಕಿತು, ಅದನ್ನು ಮೇಜಿನ ಮೇಲೆ ನಿಲ್ಲಿಸಿ ಪಕ್ಕದಲ್ಲಿ ಒಂದು ಮಿನಿ ಇಟ್ಟೆ. ತೊಗಟೆ ಪ್ರಪಾತವಾಯಿತು! ಭೂವಿಜ್ಞಾನಿಗಳು ಬಂಡೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುತ್ತಾರೆ. ಇಡದಿದ್ದರೆ ಅದು ಅಂಗೈಯಷ್ಟು ಕಲ್ಲೋ ಆಳೆತ್ತರದ ಗುಡ್ಡವೋ ಹೇಳಲಾಗದು, ಬಿರುಕು ಬಿಡುವ ಬಗೆ ಎರಡರಲ್ಲೂ ಒಂದೇ. ಮರವೂ ಹಾಗೆಯೇ, ಕೊಂಬೆ ಕವಲೊಡೆದಂತೆಯೇ ಕಡ್ಡಿಯೂ ಕವಲೊಡೆಯುತ್ತದೆ. ಹಾಗಾಗಿ ಒಣಕಡ್ಡಿ ಹೆಮ್ಮರ, ತೆಂಗಿನ ನಾರು ಗುಡಿಸಲಿನ ಸೋಗೆ, ಹಸಿರು ಬಣ್ಣದಲ್ಲಿ ಅದ್ದಿದ ಮರದ ಹೊಟ್ಟು ಹುಲ್ಲುಗಾವಲು, ಒಣಗಿಸಿದ ಕಾಫಿ ಚರಟ ಕಾಡಿನ ಮಣ್ಣು. (ಚೆನ್ನಾಗಿ ಒಣಗಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.) ನಮ್ಮಮ್ಮ ದಸರೆಯ ಗೊಂಬೆ ಕೂರಿಸುವಾಗ ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಗದ್ದೆ ಮಾಡುತ್ತಿದ್ದಳು, ಕನ್ನಡಿಯ ಚೂರನ್ನು ಕೆರೆ ಮಾಡುತ್ತಿದ್ದಳು. ಆ ತಟ್ಟೆಯ ಮುಂದೆ ಬಗ್ಗಿ ಕೂತ ನನ್ನ ಬಾಲ್ಯ ಅಷ್ಟೂ ಈ ಮೇಜಿನ ಮುಂದೆ ವಾಪಸು ಬಂದಿತು.

ಮಣಿಯದಿರುವುದು ನೀರೊಂದೇ. ನಿಜವಾದ ನೀರು ಸುರಿದರೆ ಅದು ನದಿಯಂತೆ ಕಾಣುವುದೇ ಇಲ್ಲ, ಚೆಲ್ಲಿದ ನೀರಿನಂತೆ ಕಾಣುತ್ತದೆ. ಹನಿಯ ಗಾತ್ರ ನಾವು ಹೇಳಿದ ಹಾಗೆ ಕುಗ್ಗುವುದಿಲ್ಲವಲ್ಲ! ಅದಕ್ಕೇ ನೀರನ್ನು ನೀರಲ್ಲದ್ದರಿಂದ ಮಾಡಬೇಕು. ತಳಕ್ಕೆ ಕಪ್ಪು, ದಡದತ್ತ ಹಸಿರು, ಮೇಲೆ ಎಪಾಕ್ಸಿ ರೆಸಿನ್, ತೆಳು ತೆಳು ಪದರಗಳಲ್ಲಿ. ಗಟ್ಟಿಯಾಗುವಾಗ ರೆಸಿನ್ ತಾನೇ ಕಾಯುತ್ತದೆ, ಒಮ್ಮೆಲೇ ದಪ್ಪಗೆ ಸುರಿದರೆ ಬಿಸಿಗೆ ಬಿರಿಯಬಹುದು. ಅಕ್ಕನ ಮಗನ ಮೇಜಿನ ಜಲಪಾತಕ್ಕೆ ಪಾರದರ್ಶಕ ಸಿಲಿಕೋನನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆ ಎಳೆಯಾಗಿ ಎಳೆದು, ಒಣಗಿದ ಮೇಲೆ ಸುಲಿದು ತಂದು ಬಂಡೆಗೆ ನೇತುಹಾಕಿದ್ದರು. ನಾನು ಕಿವಿ ಕೊಟ್ಟು ನಿಂತೆ, ಸದ್ದು ಕೇಳಿಸೀತು ಅನ್ನುವಷ್ಟು ಗಟ್ಟಿಯಾಗಿ ಅದು ಧುಮುಕುತ್ತಿತ್ತು.

ಈ ಹುಚ್ಚು ಇವತ್ತಿನದು ಅಂದುಕೊಂಡಿದ್ದೆ. ಕೆದಕಿದರೆ ಸಿಕ್ಕವನು ಪ್ರಶ್ಯದ ಬ್ಯಾರನ್ ಫಾನ್ ರೈಸ್‌ವಿಟ್ಸ್! ಒದ್ದೆ ಮರಳಿನಲ್ಲಿ ಗುಡ್ಡ ಕಣಿವೆ ಮಾಡಿ ಯುದ್ಧದಾಟ ಆಡಿಸುತ್ತಿದ್ದ ಅವನಿಗೆ ದೊರೆ ಮೂರನೇ ಫ್ರೆಡ್ರಿಕ್ ವಿಲ್‌ಹೆಲ್ಮ್ ಆಟ ನೋಡಬೇಕೆಂದಾಗ ಮರಳು ಸಾಲದೆನಿಸಿತು. 1812ರಲ್ಲಿ ಅವನು ದೊರೆಗೆ ಒಪ್ಪಿಸಿದ್ದು ಒಂದು ಭಾರೀ ಮೇಜು, ಬೆಟ್ಟ ಹೊಳೆ ದಾರಿಗಳನ್ನು ಉಬ್ಬುಚಿತ್ರವಾಗಿ ಮಾಡಿ ಬಣ್ಣ ಹಚ್ಚಿದ ಬಿಲ್ಲೆಗಳು, ಬೇಕಾದಂತೆ ಜೋಡಿಸಿದರೆ ಬೇಕಾದ ನಾಡು. ಇವತ್ತು ಹುಡುಗರು ಡಂಜನ್ ಜೋಡಿಸುವುದೂ ಅದೇ ಥರ! 1824ರಲ್ಲಿ ಅವನ ಮಗ ಮೇಜನ್ನು ಬಿಟ್ಟು ಕಾಗದದ ನಕ್ಷೆಗೆ ಹೋದ, ಸೈನ್ಯ ಅದನ್ನು ಎತ್ತಿಕೊಂಡಿತು. ಇನ್ನೊಂದು ದಾರಿ ಮಕ್ಕಳ ಕೋಣೆಯದು. ‘ಟೈಮ್ ಮೆಷೀನ್’ ಬರೆದ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ತಂದ. ನೆಲದ ಮೇಲೆ ಸೀಸದ ಸಿಪಾಯಿಗಳು, ಮರದ ಇಟ್ಟಿಗೆಗಳ ಮನೆ, ಸೀಮೆಸುಣ್ಣದಲ್ಲಿ ಎಳೆದ ಹೊಳೆ, ರೆಂಬೆ ನೆಟ್ಟ ಕಾಡು.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹುಟ್ಟಿದ್ದೂ ಮೇಜಿನ ಮೇಲೆಯೇ. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ಯಾರಿ ಗೈಗ್ಯಾಕ್ಸ್‌ನ ನೆಲಮಾಳಿಗೆಯಲ್ಲಿ ಮರಳಿನ ಮೇಜಿತ್ತು. ಮಿನೆಸೋಟದಲ್ಲಿ ಡೇವ್ ಆರ್ನೆಸನ್ ಪ್ಲಾಸ್ಟಿಕ್ ಕಿಟ್ಟಿನ ಒಂದು ಕೋಟೆಯನ್ನು ಮೇಜಿನ ಮೇಲೆ ಇಟ್ಟು, ಅದರ ಕೆಳಗೆ ಸುರಂಗಗಳಿವೆ ಎಂದು ಗೆಳೆಯರನ್ನು ಕತ್ತಲೆಗೆ ಇಳಿಸಿದ. 1974ರಲ್ಲಿ ಇಬ್ಬರ ಆಟ ಪುಟ್ಟ ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕಗಳಾಗಿ ಹೊರಬಂದಿತು, ಮೊದಲ ಮುದ್ರಣ 1000 ಪ್ರತಿ. ರಸ್ಟ್ ಮಾನ್ಸ್ಟರ್, ಔಲ್‌ಬೇರ್ ಎಂಬ ಹೆಸರಾಂತ ರಾಕ್ಷಸರು ಹಾಂಗ್‌ಕಾಂಗಿನಿಂದ ಬಂದ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳಿಂದ ಹುಟ್ಟಿದರು. ಅಂಗಡಿಯ ಮೂಲೆಯ ಹೆಸರಿಲ್ಲದ ಆಟಿಕೆಯೊಂದು ಲಕ್ಷಾಂತರ ಮಂದಿಯ ಕನಸಿಗೆ ನುಗ್ಗಿಬಿಟ್ಟಿತು, ನೋಡಿ!

ನೆಲ ಮಾತ್ರ ಬಹುಕಾಲ ಚೌಕ ಎಳೆದ ಹಾಳೆಯಾಗಿಯೇ ಉಳಿಯಿತು. ಎಷ್ಟೋ ತಂಡಗಳಿಗೆ ಅದೂ ಬೇಡ, ಮಾತೇ ಸಾಕು. ನಾನು ಆ ಪಕ್ಷದವನಲ್ಲ. 1996ರಲ್ಲಿ ಡ್ವಾರ್ವನ್ ಫೋರ್ಜ್ ಎಂಬ ಕಂಪನಿ ಕಟ್ಟಿದ ಶಿಲ್ಪಿ ಸ್ಟೆಫಾನ್ ಪೊಕೋರ್ನಿ ಗುಹೆ, ಗೋಡೆ, ಬಾಗಿಲುಗಳನ್ನು ಎರಕ ಹೊಯ್ದು ಬಿಡಿಬಿಡಿಯಾಗಿ ಕೊಡತೊಡಗಿದ. 2013ರಲ್ಲಿ ಜನರಿಂದಲೇ ಹಣ ಕೂಡಿಸಲು ಹೊರಟಾಗ ಸುಮಾರು 19 ಲಕ್ಷ ಡಾಲರ್ ಹರಿದುಬಂತು, ಪುಟ್ಟ ಪುಟ್ಟ ಕಲ್ಲುಹಾಸಿಗಾಗಿ! ಆದರೂ ನನ್ನ ಮನಸ್ಸು ಕೊಂಡ ಕಲ್ಲಿಗಿಂತ ಫಾಯಿಲ್ ಉಂಡೆಯ ಕಲ್ಲಿನ ಕಡೆಗೇ.

ಲೆಕ್ಕ ಕೇಳಿದರೆ ಇನ್ನೂ ಬೆರಗಾಗುತ್ತದೆ. ಇಲ್ಲಿ ಒಂದು ಅಂಗುಲ ಅಂದರೆ ಐದು ಅಡಿ. ಒಂದು ಸರದಿಯಲ್ಲಿ 30 ಅಡಿ ನಡೆಯಬಲ್ಲವನಿಗೆ 6 ಅಂಗುಲ. ಕಲ್ಲುಮಣ್ಣು ಹರಡಿದ ಜಾಗದಲ್ಲಿ ಪ್ರತಿ ಅಡಿಗೂ ಎರಡರ ಲೆಕ್ಕ, ಹತ್ತುವುದಕ್ಕೂ ಹಾಗೆಯೇ. ಬಿದ್ದರೆ 10 ಅಡಿಗೆ ಒಂದು ಆರುಮುಖದ ದಾಳದಷ್ಟು ಗಾಯ, ಅಂದರೆ ಅಕ್ಕನ ಮಗನ 6 ಅಂಗುಲದ ಗೋಪುರದಿಂದ ಮೂರು ದಾಳ. ಈ ನಿಯಮಗಳು ಹಾಳೆಯ ಮೇಲೂ ಇದ್ದವು. ಆದರೆ ಚಪ್ಪಟೆ ಚೌಕಗಳ ಮೇಲೆ ಯಾರಿಗೂ ಹತ್ತಬೇಕು ಅನಿಸುತ್ತಿರಲಿಲ್ಲವಂತೆ. ಗೋಪುರ ನಿಂತ ದಿನವೇ ಆರು ಜನರೂ ಕತ್ತೆತ್ತಿ ನೋಡಿದರಂತೆ.

ಸುಂದರವಾದರೆ ಸಾಲದು, ಆಡಲೂ ಬರಬೇಕು. ಇಳಿಜಾರು ಕಡಿದಾದರೆ ಮಿನಿ ಜಾರುತ್ತದೆ, ಅದಕ್ಕೇ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಮೆಟ್ಟಿಲು ಅಂಗುಲ ಅಗಲವಿಲ್ಲದಿದ್ದರೆ ಮಿನಿಯ ತಳ ಕೂರದು. ಓಣಿಯೊಳಗೆ ನಮ್ಮ ದಪ್ಪ ಬೆರಳು ಇಳಿಯಬೇಕು, ಛಾವಣಿ ಮುಚ್ಚಳದ ಹಾಗೆ ಎತ್ತಿಬಿಡಲು ಬರಬೇಕು. ನಾನು ಕಟ್ಟಿದ ಮೊದಲ ಗುಡ್ಡದ ನೆತ್ತಿಯಲ್ಲಿ ಒಬ್ಬ ಯೋಧ ಅಲುಗದೆ ನಿಂತಾಗ ನನಗೆ ಕುಣಿಯುವಷ್ಟು ಖುಷಿಯಾಯಿತು.

ಒಂದು ಭಾನುವಾರ ನನ್ನನ್ನೂ ಆಟಕ್ಕೆ ಕೂರಿಸಿಕೊಂಡರು. ಗೋಪುರದ ತುದಿಯ ಬಿಲ್ಲುಗಾರ್ತಿ ನನ್ನ ಪಾಲಿಗೆ. ಸೇತುವೆಯಾಚೆ ಉರುಳಿದ ಕಂಬದ ಹಿಂದೆ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸ. ಬಾಣ ಬಿಡಬಹುದೇ? ಕಂಡರೆ ತಾನೆ ಬಿಡುವುದು!

"ಮೇಲಿಂದ ನೋಡಬೇಡಿ ಅಂಕಲ್," ಅಂದಳು ಅವನ ಗೆಳತಿ, "ಅವಳ ಕಣ್ಣಿನ ಮಟ್ಟಕ್ಕೆ ಬಗ್ಗಿ."

ನೆಲಕ್ಕೆ ಮಂಡಿಯೂರಿ, ಬಿಲ್ಲುಗಾರ್ತಿಯ ಭುಜದ ಹಿಂದೆ ಕೆನ್ನೆ ತಂದು, ಒಂದು ಕಣ್ಣು ಮುಚ್ಚಿದೆ. ಫಾಯಿಲ್ ಇಲ್ಲ, ಫೋಮ್ ಇಲ್ಲ, ಕಾಫಿ ಚರಟ ಇಲ್ಲ. ಕೆಳಗೆ ಎದೆ ಝಲ್ಲೆನ್ನುವ ಕಣಿವೆ, ಹಗ್ಗದ ಸೇತುವೆ ನನ್ನ ಉಸಿರಿಗೆ ಅಲುಗುತ್ತಿದೆ, ಆಚೆ ಪಾಚಿಗಟ್ಟಿದ ಕಂಬದ ಅಂಚಿನಲ್ಲಿ ಏನೋ ಹಸಿರು.

"ಕಾಣ್ತಾ ಇದೆ," ಅಂದೆ, ದನಿ ತಾನಾಗಿ ಪಿಸುಮಾತಾಗಿತ್ತು. "ಒಂದು ಕಿವಿ, ಅರ್ಧ ಹಣೆ."

ಅಕ್ಕನ ಮಗ ನನ್ನ ಪಕ್ಕದಲ್ಲೇ ಮಂಡಿಯೂರಿ ತಾನೂ ಒಂದು ಕಣ್ಣು ಮುಚ್ಚಿದ. "ಮುಕ್ಕಾಲು ಮರೆ. ಅದರ ರಕ್ಷಣೆಗೆ 5 ಸೇರಿತು ಮಾಮ," ಅಂದು ದಾಳವನ್ನು ನನ್ನ ಅಂಗೈಗೆ ಇಟ್ಟ.