ಗಿಟಾರ್ ಗುಡುಗಲಿ, ನೆರೆಮನೆ ಮಲಗಲಿ

ರಾತ್ರಿ ಒಂಬತ್ತೂವರೆ ಗಂಟೆ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನಂಥ ಬಯಲುಸೀಮೆಯ ಊರಿನಲ್ಲಿ ಆ ಹೊತ್ತಿಗೆ ಸದ್ದು ಬಹುಮಟ್ಟಿಗೆ ಅಡಗಿರುತ್ತದೆ. ದನಕ್ಕೆ ಮೇವು ಹಾಕಿ ಊಟ ಮುಗಿಸಿದವರು ಹಾಸಿಗೆ ಬಿಡಿಸುತ್ತಿರುತ್ತಾರೆ. ಒಂದು ನಾಯಿ ಬೊಗಳಿದರೂ ತೋಟದ ಮನೆಯವರೆಗೆ ಕೇಳುತ್ತದೆ. ಅಂಥ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಓದುವ ಹುಡುಗನೊಬ್ಬ ರಜೆಗೆ ಊರಿಗೆ ಬಂದಿದ್ದಾನೆ ಎಂದಿಟ್ಟುಕೊಳ್ಳಿ. ಜೊತೆಗೆ ತಂದ ಎಲೆಕ್ಟ್ರಿಕ್ ಗಿಟಾರನ್ನು ಐವತ್ತು ವಾಟ್‌ನ ಆಂಪ್ಲಿಫೈಯರಿಗೆ ಜೋಡಿಸಿ ಒಂದೇ ಒಂದು ಸಲ ತಂತಿ ಮೀಟುತ್ತಾನೆ. ಕಿಟಕಿಯ ಗಾಜು ಅದುರುತ್ತದೆ. ಪಕ್ಕದ ಮನೆಯ ತೊಟ್ಟಿಲಲ್ಲಿ ಮಗು ಬೆಚ್ಚಿ ಅಳುತ್ತದೆ. ಎದುರುಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಪುಸ್ತಕ ಮುಚ್ಚುತ್ತಾಳೆ. ‘ಅದೇನೋ ಅದು, ಸ್ವಲ್ಪ ಸಣ್ಣಗೆ ಬಾರಿಸಬಾರದೇನಪ್ಪಾ?’ ಎಂದು ಅಜ್ಜ ಕೇಳುತ್ತಾರೆ.

ಅಜ್ಜನ ಪ್ರಶ್ನೆ ಸರಳವಾದುದು. ಆದರೆ ‘ಸಣ್ಣಗೆ ಬಾರಿಸಿದರೆ ಆ ನಾದವೇ ಬರುವುದಿಲ್ಲ’ ಎಂದು ಹುಡುಗ ಹೇಳಿದರೆ ಅದು ನೆಪವಲ್ಲ. ಅದರಲ್ಲಿ ಸಾಕಷ್ಟು ಸತ್ಯವಿದೆ. ಈ ವಾದ್ಯಕ್ಕೆ ಇಷ್ಟು ದೊಡ್ಡ ಗಂಟಲು ಏಕೆ ಬಂತು, ಅದನ್ನು ಮನೆಯೊಳಗೆ ಪಳಗಿಸುವುದು ಹೇಗೆ ಎಂಬುದನ್ನು ತಿಳಿದರೆ ಅಜ್ಜ ಮೊಮ್ಮಗ ಇಬ್ಬರಿಗೂ ಒಪ್ಪುವ ದಾರಿ ಸಿಗುತ್ತದೆ.

<b>ಹಿಂದಿನ ಸಾಲಿನವರಿಗೂ ಕೇಳಬೇಕು</b>

ವಾದ್ಯದ ಸದ್ದು ಸಾಲದು ಎಂಬ ಕೊರಗು ಪಶ್ಚಿಮದವರದು ಮಾತ್ರವಲ್ಲ. ಮೈಸೂರಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಗಳಿಗೆ ನುಡಿಸಬೇಕಾಗಿತ್ತು. ನಾಲ್ಕು ತಂತಿಯ ಪಿಟೀಲಿನ ನಾದ ಹಿಂದೆ ಕುಳಿತವರಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ತಂತಿಗಳಿಗೆ ಜೊತೆ ತಂತಿ ಸೇರಿಸಿದ ಏಳು ತಂತಿಯ ಪಿಟೀಲು. 1967ರಲ್ಲಿ ನಿಧನರಾದ ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವೇ ಎದ್ದಿದೆ.

ಅಮೆರಿಕದ ಗಿಟಾರ್ ವಾದಕರಿಗೂ ಇದೇ ಕಷ್ಟವಿತ್ತು. ನೃತ್ಯಶಾಲೆಗಳ ದೊಡ್ಡ ವಾದ್ಯಮೇಳದಲ್ಲಿ ತುತ್ತೂರಿ, ಡ್ರಮ್ಮುಗಳ ಅಬ್ಬರದ ನಡುವೆ ಮರದ ಗಿಟಾರ್ ಯಾರಿಗೂ ಕೇಳುತ್ತಿರಲಿಲ್ಲ. 1930ರ ದಶಕದ ಆರಂಭದಲ್ಲಿ ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ತಂತಿಯ ಸುರುಳಿಯನ್ನಿಟ್ಟು, ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸುವ ಗಿಟಾರ್ ಮಾರುಕಟ್ಟೆಗೆ ಬಂತು. ಆ ಕ್ಷೀಣ ವಿದ್ಯುತ್ತನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಪೆಟ್ಟಿಗೆಯೇ ಆಂಪ್ಲಿಫೈಯರ್.

ಮುಂದಿನ ಕಥೆ ಲಂಡನ್ನಿನದು. ಡ್ರಮ್ ಕಲಿಸುತ್ತಿದ್ದ ಜಿಮ್ ಮಾರ್ಷಲ್ ಎಂಬುವರು ಹ್ಯಾನ್‌ವೆಲ್‌ನಲ್ಲಿ ಒಂದು ವಾದ್ಯದಂಗಡಿ ಇಟ್ಟಿದ್ದರು. 1962ರ ಸುಮಾರಿಗೆ ಅಮೆರಿಕದ ಫೆಂಡರ್ ಕಂಪನಿಯ ಆಂಪ್ಲಿಫೈಯರನ್ನು ಮಾದರಿಯಾಗಿಟ್ಟುಕೊಂಡು ತಮ್ಮದೇ ಪೆಟ್ಟಿಗೆ ತಯಾರಿಸಿದರು. ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಜೋರಾಗಿ ಬೇಕೆಂದಾಗ 1965ರಲ್ಲಿ ನೂರು ವಾಟ್‌ನ ಯಂತ್ರ ಬಂತು. ಮೊದಲು ಎಂಟು ಸ್ಪೀಕರುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರು. ಹೊರುವವರ ಬೆನ್ನು ಮುರಿಯುವಂತಾದಾಗ ಅದನ್ನು ನಾಲ್ಕು ನಾಲ್ಕರ ಎರಡು ಪೆಟ್ಟಿಗೆಯಾಗಿ ಸೀಳಿ ಒಂದರ ಮೇಲೊಂದು ಪೇರಿಸಿದರು. ರಾಕ್ ಸಂಗೀತದ ವೇದಿಕೆಯಲ್ಲಿ ಇಂದಿಗೂ ಕಾಣುವ ಕಪ್ಪು ಗೋಡೆ ಅದೇ.

ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ಆಗ ಸಭಾಂಗಣದ ಧ್ವನಿವರ್ಧಕಗಳು ಹಾಡುಗಾರನ ದನಿಗಷ್ಟೇ ಸಾಲುತ್ತಿದ್ದವು. ಗಿಟಾರಿನ ಸದ್ದನ್ನು ವೇದಿಕೆಯ ಮೇಲಿನ ಪೆಟ್ಟಿಗೆಯೇ ಕೊನೆಯ ಸಾಲಿಗೆ ಮುಟ್ಟಿಸಬೇಕಿತ್ತು. ಇಂದು ಸಣ್ಣ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟರೆ ಮೈದಾನಕ್ಕೆಲ್ಲ ಕೇಳುತ್ತದೆ. ನೂರು ವಾಟ್‌ನ ಅಗತ್ಯ ಬಹುಪಾಲು ತೀರಿಹೋಗಿದೆ, ಅದರ ಮೋಹ ಮಾತ್ರ ಉಳಿದಿದೆ.

<b>ಗುಂಡಿ ತಿರುಗಿಸಿದರೆ ಸಾಲದೇ?</b>

ಸದ್ದು ಹೆಚ್ಚಾದರೆ ಗುಂಡಿ ತಿರುಗಿಸಿ ಕಡಿಮೆ ಮಾಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ತೊಡಕು ಇರುವುದು ವಾಲ್ವ್‌ನಲ್ಲಿ. ಹಳೆಯ ರೇಡಿಯೋ ಹಿಂದೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳು ಹಿರಿಯರಿಗೆ ನೆನಪಿರಬಹುದು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೋದಿಂದ ವಾಲ್ವ್ ಮರೆಯಾಯಿತು. ಗಿಟಾರ್ ವಾದಕರು ಮಾತ್ರ ಅದನ್ನು ಬಿಡಲಿಲ್ಲ.

ಕಾರಣವಿಷ್ಟೆ. ವಾಲ್ವನ್ನು ಅದರ ಶಕ್ತಿಯ ಅಂಚಿನವರೆಗೆ ದುಡಿಸಿದಾಗ ಧ್ವನಿಯ ಅಲೆಗಳ ತುದಿ ಮೊಂಡಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಸ್ವರ ದಪ್ಪಗಾಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ, ತುಸು ಒರಟಾಗುತ್ತದೆ. ಎಂಜಿನಿಯರುಗಳ ಪಾಲಿಗೆ ಇದು ದೋಷ. ವಾದಕರಿಗೆ ಅದೇ ರುಚಿ. ಗುಂಡಿಯನ್ನು ಕೆಳಗೆ ತಿರುಗಿಸಿದರೆ ವಾಲ್ವ್ ಆರಾಮವಾಗಿ ಕೆಲಸ ಮಾಡುತ್ತದೆ. ಆ ರುಚಿಯೂ ಹೋಗುತ್ತದೆ.

ಇದಕ್ಕೆ ಕಿವಿಯ ಸ್ವಭಾವವೂ ಸೇರಿಕೊಳ್ಳುತ್ತದೆ. ಸದ್ದು ಮೆಲ್ಲಗಿದ್ದಾಗ ಮನುಷ್ಯನ ಕಿವಿ ತಗ್ಗು ಸ್ವರಗಳನ್ನೂ ತೀರ ಮೇಲಿನ ಸ್ವರಗಳನ್ನೂ ಕಡಿಮೆ ಗ್ರಹಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದರು. ಹಾಗಾಗಿ ಅದೇ ಸ್ವರ ಮೆಲ್ಲಗೆ ನುಡಿಸಿದಾಗ ಬಡಕಲಾಗಿ, ಜೋರಾಗಿ ನುಡಿಸಿದಾಗ ತುಂಬಿಕೊಂಡಂತೆ ಕೇಳುತ್ತದೆ. ಹುಡುಗನ ಕೈ ಮತ್ತೆ ಮತ್ತೆ ಗುಂಡಿಯ ಕಡೆಗೆ ಹೋಗುವುದು ಬರೀ ಪುಂಡಾಟಿಕೆಯಿಂದಲ್ಲ.

<b>ವಾಟ್‌ನ ಮೋಸದ ಲೆಕ್ಕ</b>

ಹಾಗಾದರೆ ನೂರು ವಾಟ್‌ನ ಬದಲು ಐವತ್ತು ವಾಟ್‌ನ ಪೆಟ್ಟಿಗೆ ತಂದರೆ ಸದ್ದು ಅರ್ಧಕ್ಕಿಳಿಯುತ್ತದೆಯೇ? ಇಲ್ಲ. ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಅಷ್ಟಾಗಿ ತಿಳಿಯುವುದೇ ಇಲ್ಲ. ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅದಕ್ಕೆ ವಾಟ್ ಹತ್ತರಲ್ಲೊಂದು ಪಾಲಾಗಬೇಕು. ಅಂದರೆ ನೂರು ವಾಟ್‌ನ ಅರ್ಧ ಸದ್ದು ಐವತ್ತರದಲ್ಲ, ಹತ್ತು ವಾಟ್‌ನದು. ಕಾಲು ಪಾಲು ಸದ್ದು ಒಂದು ವಾಟ್‌ನದು.

ಆ ಒಂದು ವಾಟ್ ಕೂಡ ಕಡಿಮೆಯೇನಲ್ಲ. ಒಳ್ಳೆಯ ಗಿಟಾರ್ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಸದ್ದು ಹೊರಡುತ್ತದೆ. ನೂರು ವಾಟ್ ಕೊಟ್ಟರೆ 120. ಇಬ್ಬರು ಎದುರು ಕುಳಿತು ಆಡುವ ಮಾತು ಸುಮಾರು 60 ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ.

ಈಗ ಗೋಡೆಯ ಲೆಕ್ಕ. ಗಿಲಾವು ಮಾಡಿದ ಒಂಬತ್ತಂಗುಲದ ಇಟ್ಟಿಗೆ ಗೋಡೆ 45ರಿಂದ 50 ಡೆಸಿಬೆಲ್‌ನಷ್ಟು ಸದ್ದನ್ನು ತಡೆಯಬಲ್ಲದು. ನೂರು ವಾಟ್‌ನ ಯಂತ್ರವನ್ನು ಪೂರ್ತಿ ತೆರೆದರೆ ಗೋಡೆಯಾಚೆಗೂ 70ಕ್ಕಿಂತ ಹೆಚ್ಚು ಉಳಿಯುತ್ತದೆ. ಒಂದು ವಾಟ್‌ನಲ್ಲಾದರೆ 50ರಿಂದ 55. ಆದರೆ ನಮ್ಮ ಮನೆಗಳಲ್ಲಿ ಗೋಡೆಯೊಂದೇ ಇರುವುದಿಲ್ಲವಲ್ಲ! ತೆರೆದ ಕಿಟಕಿಯಿದ್ದರೆ ಗೋಡೆ ಎಷ್ಟು ದಪ್ಪವಿದ್ದರೂ ತಡೆ 10ರಿಂದ 15 ಡೆಸಿಬೆಲ್‌ಗೆ ಕುಸಿಯುತ್ತದೆ. ಹಂಚಿನ ಸಂದು, ಬಾಗಿಲ ಕೆಳಗಿನ ಕಿಂಡಿ, ತಗಡಿನ ಮಾಡು ಇವೆಲ್ಲ ಸದ್ದಿನ ಹೆದ್ದಾರಿಗಳು. ನೀರು ಸೋರುವಲ್ಲೆಲ್ಲ ಸದ್ದೂ ಸೋರುತ್ತದೆ.

<b>ಪಳಗಿಸುವ ಉಪಾಯಗಳು</b>

ಮೊದಲ ಉಪಾಯ, ಸಣ್ಣ ಯಂತ್ರ. ದೊಡ್ಡ ನಾದಕ್ಕೆ ದೊಡ್ಡ ಪೆಟ್ಟಿಗೆಯೇ ಬೇಕೆಂಬುದು ಭ್ರಮೆ. ಎರಿಕ್ ಕ್ಲ್ಯಾಪ್ಟನ್ 1970ರಲ್ಲಿ ‘ಲೈಲಾ’ ಧ್ವನಿಮುದ್ರಿಸಿದಾಗ ಬಳಸಿದ್ದು ಐದು ವಾಟ್ ಆಸುಪಾಸಿನ ಪುಟ್ಟ ಫೆಂಡರ್ ಚಾಂಪ್. ‘ದಿ ಕಿಂಕ್ಸ್’ ತಂಡದ ಡೇವ್ ಡೇವೀಸ್ 1964ರಲ್ಲಿ ತಮ್ಮ ಅಗ್ಗದ ಪುಟ್ಟ ಪೆಟ್ಟಿಗೆಯ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ, ಜಗತ್ತೇ ತಿರುಗಿ ನೋಡುವಂಥ ಗೊರಗೊರ ನಾದ ಹೊರಡಿಸಿದರು.

ಎರಡನೆಯದು, ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಇಡುವ ಶಕ್ತಿಹೀರುಕ. ಅದನ್ನು ಅಟೆನ್ಯುಯೇಟರ್ ಎನ್ನುತ್ತಾರೆ. ವಾಲ್ವ್‌ಗಳು ಪೂರ್ತಿ ದುಡಿಯುತ್ತವೆ. ಆದರೆ ಶಕ್ತಿಯ ಬಹುಪಾಲು ಈ ಪೆಟ್ಟಿಗೆಯಲ್ಲಿ ಶಾಖವಾಗಿ ಕರಗಿ, ಉಳಿದಷ್ಟು ಮಾತ್ರ ಸ್ಪೀಕರಿಗೆ ತಲುಪುತ್ತದೆ. ‘ಬೋಸ್ಟನ್’ ತಂಡದ ಟಾಮ್ ಷೋಲ್ಜ್ ಇದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ವೃತ್ತಿಯಿಂದ ಎಂಜಿನಿಯರಾಗಿದ್ದ ಅವರು ತಂಡದ 1976ರ ಮೊದಲ ಆಲ್ಬಮ್ಮಿನ ಬಹುಭಾಗವನ್ನು ಧ್ವನಿಮುದ್ರಿಸಿದ್ದು ಮನೆಯ ನೆಲಮಾಳಿಗೆಯಲ್ಲಿ. ಇಲ್ಲಿ ಒಂದು ಎಚ್ಚರಿಕೆ: ಸದ್ದು ಬೇಡವೆಂದು ವಾಲ್ವ್ ಆಂಪ್ಲಿಫೈಯರಿನಿಂದ ಸ್ಪೀಕರಿನ ತಂತಿಯನ್ನೇ ಕಿತ್ತು ನುಡಿಸಬಾರದು. ಹೊರಹೋಗಲು ದಾರಿಯಿಲ್ಲದ ಶಕ್ತಿ ಒಳಗಿನ ಟ್ರಾನ್ಸ್‌ಫಾರ್ಮರನ್ನು ಸುಟ್ಟುಬಿಡಬಹುದು.

ಮೂರನೆಯದು, ಹೆಡ್‌ಫೋನ್. ವಾಲ್ವ್ ಮತ್ತು ಸ್ಪೀಕರುಗಳ ವರ್ತನೆಯನ್ನು ಲೆಕ್ಕದಿಂದ ಅನುಕರಿಸುವ ಡಿಜಿಟಲ್ ಯಂತ್ರಗಳು 1990ರ ದಶಕದ ಕೊನೆಯಿಂದ ಸಾಮಾನ್ಯವಾದವು. ಇಂದು ಅಂಗೈಯಗಲದ ಪೆಟ್ಟಿಗೆ, ಕೆಲವೊಮ್ಮೆ ಮೊಬೈಲ್ ಫೋನೇ ಆ ಕೆಲಸ ಮಾಡುತ್ತದೆ. ನೂರು ವಾಟ್‌ನ ಗುಡುಗು ವಾದಕನ ಕಿವಿಯೊಳಗೆ. ಪಕ್ಕದಲ್ಲಿ ಕುಳಿತವರಿಗೆ ತಂತಿಯ ಟಿಣ್ ಟಿಣ್ ಅಷ್ಟೆ.

ನಾಲ್ಕನೆಯದಕ್ಕೆ ಖರ್ಚೇ ಇಲ್ಲ. ಬೆರಳಿನ ಸಾಧನೆಗೆ ಆಂಪ್ಲಿಫೈಯರ್ ಬೇಕಾಗಿಯೇ ಇಲ್ಲ. ಸ್ವರಸ್ಥಾನ, ಕಾಲ, ಬೆರಳಿನ ಓಟ ಇವುಗಳನ್ನು ಬರಿಯ ತಂತಿಯ ಮೇಲೆ ಅಭ್ಯಾಸ ಮಾಡಬಹುದು. ಬೇಡದ ತಂತಿಯ ಗುಂಯ್‌ಗುಡುವಿಕೆಯನ್ನು ಅಡಗಿಸುವ ಪಾಠಕ್ಕೆ ಮಾತ್ರ ಯಂತ್ರ ಬೇಕು.

<b>ಮೊಟ್ಟೆ ಟ್ರೇಯ ಭ್ರಮೆ</b>

ಕೋಣೆಯ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಸುಳ್ಳು. ಟ್ರೇ, ತೆಳು ಸ್ಪಂಜು, ಪರದೆ ಇವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಸ್ವಲ್ಪ ತಗ್ಗಿಸಬಹುದೇ ಹೊರತು ಸದ್ದನ್ನು ತಡೆಯಲಾರವು. ತಡೆಯಲು ಬೇಕಾದುದು ತೂಕ ಮತ್ತು ಸಂದಿಲ್ಲದ ಮುಚ್ಚಿಗೆ. ಭಾರವಾದ ಬಾಗಿಲು, ಭದ್ರವಾಗಿ ಮುಚ್ಚುವ ಕಿಟಕಿ, ಸಂದಿಗೆ ರಬ್ಬರ್ ಪಟ್ಟಿ ಇಷ್ಟಿದ್ದರೆ ಟ್ರೇಗಳ ಗೋಡೆಗಿಂತ ಹೆಚ್ಚು ಉಪಯೋಗ.

ತಗ್ಗು ಸ್ವರಗಳ ಉಪಟಳ ಬೇರೆ ಬಗೆಯದು. ಅವು ನೆಲ, ಕಂಬ, ಗೋಡೆಗಳನ್ನೇ ಅದುರಿಸಿಕೊಂಡು ಮುಂದೆ ಸಾಗುತ್ತವೆ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ವಾಸಿಸಿದವರಿಗೆ ಇದರ ಅನುಭವವಿರುತ್ತದೆ. ಪೆಟ್ಟಿಗೆಯನ್ನು ನೆಲಕ್ಕೆ ತಾಗದಂತೆ ದಪ್ಪ ರಬ್ಬರಿನ ಮೇಲಿಡುವುದು, ನೆರೆಮನೆಗೆ ಅಂಟಿದ ಗೋಡೆಯಿಂದ ದೂರ ಇಡುವುದು, ತಗ್ಗು ಸ್ವರದ ಗುಂಡಿಯನ್ನು ಇಳಿಸುವುದು ಇವು ಸುಲಭದ ಪರಿಹಾರಗಳು.

<b>ಕಾನೂನಿನ ಗೆರೆ</b>

ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಖಾಸಗಿ ಧ್ವನಿಯಂತ್ರದ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. 2010ರ ತಿದ್ದುಪಡಿ ಧ್ವನಿವರ್ಧಕಗಳ ಜೊತೆಗೆ ವಾದ್ಯ ಮತ್ತು ಆಂಪ್ಲಿಫೈಯರುಗಳನ್ನೂ ಹೆಸರಿಸಿ ರಾತ್ರಿಯ ನಿರ್ಬಂಧಕ್ಕೆ ಒಳಪಡಿಸಿತು. ಅದಕ್ಕೂ ಮೊದಲು 2005ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯ, ನೆಮ್ಮದಿಯಿಂದ ಬದುಕುವುದು ಜೀವಿಸುವ ಹಕ್ಕಿನ ಭಾಗವೆಂದೂ, ಕೇಳಲೊಲ್ಲದವರ ಕಿವಿಗೆ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲವೆಂದೂ ಸ್ಪಷ್ಟಪಡಿಸಿತ್ತು.

ಹಾಗಾದರೆ ಜಾತ್ರೆಯ ಡೊಳ್ಳು, ವೀರಗಾಸೆಯ ಅಬ್ಬರ? ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗಾಗಿ ವರ್ಷದಲ್ಲಿ ಹದಿನೈದು ದಿನ ಮೀರದಂತೆ, ಮಧ್ಯರಾತ್ರಿ ಹನ್ನೆರಡರವರೆಗೆ ರಿಯಾಯಿತಿ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದಕ್ಕೂ ಮಿಗಿಲಾಗಿ, ಜಾತ್ರೆಯ ಸದ್ದು ಇಡೀ ಊರಿನದು. ಎಲ್ಲರೂ ಎದ್ದಿರುವ ರಾತ್ರಿಯದು. ಕೋಣೆಯೊಳಗಿನ ಗಿಟಾರ್ ಒಬ್ಬನ ಸಂತೋಷ. ಅದರ ಬೆಲೆಯನ್ನು ದಿನವೂ ನೆರೆಯವರು ತೆರಬೇಕೆಂದರೆ ನ್ಯಾಯವಲ್ಲ.

<b>ಮೊದಲ ನೆರೆ ನಮ್ಮ ಕಿವಿ</b>

ನೆರೆಯವರನ್ನು ಮರೆತರೂ ವಾದಕ ತನ್ನ ಕಿವಿಯನ್ನು ಮರೆಯುವಂತಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಕಾಲು ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೂರು ವಾಟ್ ಕೇಳಿ ಪಡೆದ ಟೌನ್‌ಶೆಂಡ್ ಮುಂದೆ ತಮ್ಮ ಕಿವಿಗಾದ ಹಾನಿಯ ಬಗ್ಗೆ ಬಹಿರಂಗವಾಗಿ ಹೇಳಿಕೊಂಡರು. ವಿಚಿತ್ರವೆಂದರೆ ಅವರು ಹೆಚ್ಚು ದೂರಿದ್ದು ವೇದಿಕೆಯ ಪೆಟ್ಟಿಗೆಗಳನ್ನಲ್ಲ, ಸ್ಟುಡಿಯೋದಲ್ಲಿ ಜೋರಾಗಿ ಕೇಳುತ್ತಿದ್ದ ಹೆಡ್‌ಫೋನನ್ನು! ನೆರೆಯವರಿಗೆ ಕೇಳುವುದಿಲ್ಲವೆಂಬ ಧೈರ್ಯದಲ್ಲಿ ಹೆಡ್‌ಫೋನಿನ ಸದ್ದು ಏರಿಸುವವರು ಇದನ್ನು ನೆನಪಿಡಬೇಕು.

ಯಂತ್ರಗಳೆಲ್ಲ ಇದ್ದರೂ ಕೊನೆಗೆ ಬೇಕಾದದ್ದು ಪಕ್ಕದ ಮನೆಯವರೊಡನೆ ಎರಡು ಮಾತು. ‘ಸಂಜೆ ಐದರಿಂದ ಆರರವರೆಗೆ ಬಾರಿಸಿಕೊಳ್ತೀನಿ, ತೊಂದರೆ ಆದರೆ ಹೇಳಿಬಿಡಿ ಅತ್ತೆ’ ಎಂದು ಮೊದಲೇ ಕೇಳಿಕೊಂಡರೆ ಬೇಡವೆನ್ನುವವರು ಕಡಿಮೆ. ಪರೀಕ್ಷೆಯ ತಿಂಗಳಲ್ಲಿ, ಮನೆಯಲ್ಲಿ ಬಾಣಂತಿಯೋ ಕಾಯಿಲೆಯವರೋ ಇದ್ದಾಗ ಹೆಡ್‌ಫೋನ್ ಹಾಕಿಕೊಂಡರಾಯಿತು. ಹಾಗೆ ನಡೆದುಕೊಂಡ ಹುಡುಗನನ್ನು ಗಣಪತಿ ಹಬ್ಬದ ಪೆಂಡಾಲಿಗೆ ಊರವರೇ ಕರೆದು ನುಡಿಸಲು ಹೇಳಿಯಾರು. ಐವತ್ತು ವಾಟ್‌ಗೆ ನಿಜವಾದ ಕೆಲಸ ಇರುವುದು ಅಲ್ಲಿ.